ತಂಡ ಕಟ್ಟುವ ಲೆಕ್ಕ

ಕನ್ನಂಬಾಡಿ ಕಟ್ಟೆಯಲ್ಲಿ ಈ ದಿನ ನೀರು ಎಷ್ಟು ಅಡಿ ನಿಂತಿದೆ ಎಂಬ ಪ್ರಶ್ನೆಯನ್ನು ಮಳೆಗಾಲದ ಯಾವ ಬೆಳಗಿನಲ್ಲಾದರೂ ಶ್ರೀರಂಗಪಟ್ಟಣದ ಅಥವಾ ಪಾಂಡವಪುರದ ಕಾಫಿ ಹೋಟೆಲಿನಲ್ಲಿ ಕೇಳಿ ನೋಡಿ. ಉತ್ತರಕ್ಕೆ ಕಾಯಬೇಕಾಗಿಲ್ಲ. ಗರಿಷ್ಠ ಮಟ್ಟ 124.80 ಅಡಿ, ನಿನ್ನೆಯ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು ಎಂದು ಅಕ್ಷರ ಬಾರದ ಮುದುಕರೂ ಬಾಯಿಪಾಠ ಒಪ್ಪಿಸುತ್ತಾರೆ. ಪತ್ರಿಕೆ ಬಂದೊಡನೆ ಅವರ ಕಣ್ಣು ಮೊದಲು ಹಾಯುವುದು ಆ ನಾಲ್ಕು ಸಾಲಿನ ಕಡೆಗೆ. ಬತ್ತದ ನಾಟಿ, ಕಬ್ಬಿನ ತುಂಡು, ಮಗಳ ಮದುವೆ ಎಲ್ಲವೂ ಆ ಅಂಕಿಗೆ ತಗುಲಿಕೊಂಡಿರುವಾಗ ಜನ ಲೆಕ್ಕವನ್ನು ಕಲಿಯದೆ ಇರುತ್ತಾರೆಯೇ?

ಆದರೆ ಇದೇ ಜನ ಊರಿನ ಕಬಡ್ಡಿ ತಂಡವನ್ನು ಆರಿಸಲು ಕುಳಿತಾಗ ಲೆಕ್ಕವನ್ನು ಅಟ್ಟಕ್ಕೆ ಹಾಕಿಬಿಡುತ್ತಾರೆ. ಹುಡುಗನ ತೊಡೆ ಹೇಗಿದೆ, ಎತ್ತರ ಎಷ್ಟು, ಅವನ ಚಿಕ್ಕಪ್ಪ ಹಿಂದೆ ಎಂಥ ಆಟಗಾರನಾಗಿದ್ದ, ಕಳೆದ ಜಾತ್ರೆಯ ಪಂದ್ಯದಲ್ಲಿ ಮೂವರನ್ನು ಒಟ್ಟಿಗೆ ಎಳೆದುಕೊಂಡು ಗೆರೆ ಮುಟ್ಟಿದ್ದನಲ್ಲ, ಅವನೇ ಇರಲಿ! ಹೀಗೆ ಆಯ್ಕೆ ಮುಗಿಯುತ್ತದೆ. ಮೂವರನ್ನು ಎಳೆದ ಆ ಒಂದು ಗಳಿಗೆ ಎಲ್ಲರ ಕಣ್ಣಲ್ಲಿ ಕಟ್ಟಿದೆ. ಅದೇ ರಾತ್ರಿ ಅವನು ಎಷ್ಟು ಸಲ ಸಿಕ್ಕಿಬಿದ್ದ ಎಂಬುದು ಯಾರ ನೆನಪಿನಲ್ಲಿಯೂ ಇಲ್ಲ.

ಇದನ್ನು ಬರಿಯ ಆಟದ ಮಾತೆಂದು ನಗುವಂತಿಲ್ಲ. ನಾಗಮಂಗಲದ ಬೆದ್ದಲು ಹೊಲದ ಮನೆಯಿಂದ ಬಂದ ಹುಡುಗನಿಗೆ ಜಿಲ್ಲಾ ತಂಡದ ಒಂದು ಪ್ರಮಾಣಪತ್ರವೆಂದರೆ ಪೊಲೀಸ್ ಇಲಾಖೆಯಲ್ಲೋ ರೈಲ್ವೆಯಲ್ಲೋ ಕ್ರೀಡಾಪಟುಗಳಿಗೆಂದು ತೆಗೆದಿರಿಸಿದ ಕೆಲಸದ ಬಾಗಿಲು. ಆ ಬಾಗಿಲನ್ನು ತೆರೆಯುವವರ ಕಣ್ಣು ಎಷ್ಟರ ಮಟ್ಟಿಗೆ ನಂಬತಕ್ಕದ್ದು ಎಂಬುದೇ ಈ ಲೇಖನದ ಪ್ರಶ್ನೆ.

ಬೇಸ್‌ಬಾಲಿನ ಒಂದು ಕತೆ

ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿ, ಅದಕ್ಕೆ ತಂಡ ಕಟ್ಟಿಯೇ ಉತ್ತರ ಕೊಟ್ಟವರು ಅಮೆರಿಕದ ಬೇಸ್‌ಬಾಲಿನವರು. ಆ ಆಟ ನಮ್ಮಲ್ಲಿ ಅಷ್ಟಾಗಿ ಬೇರೂರಿಲ್ಲ. ಕ್ರಿಕೆಟ್ ಬಲ್ಲವರಿಗೆ ಇಷ್ಟು ಹೇಳಿದರೆ ಸಾಕು: ಚೆಂಡೆಸೆಯುವವನು ಪಿಚರ್, ಹೊಡೆಯುವವನು ನಾಲ್ಕು ಮೂಲೆಯ ಅಂಗಳದಲ್ಲಿ ಒಂದೊಂದು ಬೇಸನ್ನೇ ಮುಟ್ಟುತ್ತ ಸುತ್ತಿ ಬಂದರೆ ಒಂದು ಓಟ. ಒಂಬತ್ತು ಸರದಿ, ಸರದಿಗೆ ಮೂರು ಔಟ್. ಅಂದರೆ ಒಂದು ತಂಡದ ಬಂಡವಾಳವೆಲ್ಲ 27 ಔಟ್‌ಗಳು. ಪಿಚರ್ ನಾಲ್ಕು ಚೆಂಡುಗಳನ್ನು ಗುರಿತಪ್ಪಿ ಎಸೆದರೆ ಹೊಡೆಯುವವನು ಬ್ಯಾಟು ಬೀಸದೆಯೇ ಮೊದಲ ಬೇಸಿಗೆ ನಡೆದುಹೋಗಬಹುದು. ಇದಕ್ಕೆ ಅಲ್ಲಿ ‘ವಾಕ್’ ಎನ್ನುತ್ತಾರೆ.

ಈ ಆಟಕ್ಕೆ ಅಂಕಿ-ಅಂಶದ ಪಟ್ಟಿಯನ್ನು ಹಾಕಿಕೊಟ್ಟವನು ಹೆನ್ರಿ ಚಾಡ್ವಿಕ್ ಎಂಬ ಪತ್ರಕರ್ತ. ಹುಟ್ಟಿದ್ದು 1824ರಲ್ಲಿ, ಇಂಗ್ಲೆಂಡಿನಲ್ಲಿ; ಅಮೆರಿಕಕ್ಕೆ ಹೋಗಿ ಮೊದಲು ಬರೆಯುತ್ತಿದ್ದುದು ಕ್ರಿಕೆಟ್ಟಿನ ವರದಿಗಳನ್ನು. ಕ್ರಿಕೆಟ್ಟಿನ ಕಣ್ಣಿನಿಂದಲೇ ಬೇಸ್‌ಬಾಲನ್ನು ನೋಡಿದ ಆತನಿಗೆ, ಬ್ಯಾಟು ಬೀಸದೆ ನಡೆದುಹೋಗುವ ‘ವಾಕ್’ ಹೊಡೆತಗಾರನ ಸಾಧನೆಯೆಂದು ತೋರಲಿಲ್ಲ. ಅದು ಪಿಚರನ ತಪ್ಪು ಅಷ್ಟೆ. ಸರಾಸರಿಯ ಲೆಕ್ಕದಿಂದ ಅದು ಹೊರಗುಳಿಯಿತು. ಆಮೇಲೆ ನೂರು ವರ್ಷ ಕಾಲ ತಂಡಗಳು ಆ ಸರಾಸರಿಯನ್ನು ನೋಡಿಯೇ ಆಟಗಾರರಿಗೆ ಬೆಲೆ ಕಟ್ಟಿದವು. ತಾಳ್ಮೆಯಿಂದ ನಿಂತು, ಕೆಟ್ಟ ಚೆಂಡನ್ನು ಬಿಟ್ಟು, ಔಟಾಗದೆ ಬೇಸು ಸೇರುವವನಿಗೆ ಬೆಲೆಯೇ ಇರಲಿಲ್ಲ.

1970ರ ದಶಕದಲ್ಲಿ ಕಾನ್ಸಾಸ್ ಪ್ರಾಂತದ ಒಂದು ಡಬ್ಬಿ ಆಹಾರದ ಕಾರ್ಖಾನೆಯಲ್ಲಿ ಬಿಲ್ ಜೇಮ್ಸ್ ಎಂಬಾತ ರಾತ್ರಿಯ ಕಾವಲುಗಾರನಾಗಿದ್ದ. ಕಾವಲಿನ ಹೊತ್ತಿನಲ್ಲಿ ಹಳೆಯ ಪಂದ್ಯಗಳ ಪಟ್ಟಿಗಳನ್ನು ಹರಡಿಕೊಂಡು, ‘ನಿಜವಾಗಿ ಓಟ ತರುವುದು ಯಾವುದು?’ ಎಂದು ಕೂಡಿ ಕಳೆದು ನೋಡಿದ. 1977ರಲ್ಲಿ ತನ್ನ ಖರ್ಚಿನಲ್ಲೇ ಒಂದು ಪುಸ್ತಿಕೆ ಹೊರತಂದ. ಅವನು ಕಂಡ ಸತ್ಯಗಳಲ್ಲಿ ಮುಖ್ಯವಾದದ್ದು ಕೇಳಿದರೆ ಬಹಳ ಸಾದಾ: 27 ಔಟುಗಳೇ ಬಂಡವಾಳವಾದ ಮೇಲೆ ಅವನ್ನು ಪೋಲು ಮಾಡದವನೇ ದೊಡ್ಡವನು. ವೃತ್ತಿಪರ ತಂಡಗಳ ಯಜಮಾನರು ಬಹುಕಾಲ ಇದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಾವಲುಗಾರನ ಮಾತು ಯಾರಿಗೆ ಬೇಕು!

ಬೇಕಾದದ್ದು ಬಡ ತಂಡಕ್ಕೆ. ಅಂದು ಓಕ್ಲೆಂಡ್ ನಗರದಲ್ಲಿದ್ದ ‘ಅಥ್ಲೆಟಿಕ್ಸ್’ ತಂಡ 2001ರ ಋತು ಮುಗಿದಾಗ ತನ್ನ ಮೂವರು ಹೆಸರಾಂತ ಆಟಗಾರರನ್ನು ಹಣವಂತ ತಂಡಗಳಿಗೆ ಕಳೆದುಕೊಂಡಿತು. ಆಟಗಾರರ ಸಂಬಳಕ್ಕೆ ಅದರ ಬಳಿ ಇದ್ದದ್ದು ಸುಮಾರು 4 ಕೋಟಿ ಡಾಲರ್. ನ್ಯೂಯಾರ್ಕಿನ ‘ಯಾಂಕೀಸ್’ ತಂಡದ ಸಂಬಳದ ಪಟ್ಟಿ 12 ಕೋಟಿಯನ್ನು ಮೀರಿತ್ತು. ಓಕ್ಲೆಂಡಿನ ವ್ಯವಸ್ಥಾಪಕ ಬಿಲ್ಲಿ ಬೀನ್. ಅವನ ಬದುಕೇ ಒಂದು ಪಾಠ. 1980ರಲ್ಲಿ ಮೈಕಟ್ಟು ನೋಡಿ ಮರುಳಾದ ಆಯ್ಕೆಗಾರರು ಅವನನ್ನು ಮೊದಲ ಸುತ್ತಿನಲ್ಲಿಯೇ ಆರಿಸಿದ್ದರು. ಆಟಗಾರನಾಗಿ ಅವನು ಏನೂ ಆಗಲಿಲ್ಲ. ‘ಕಣ್ಣಿಗೆ ಚೆನ್ನಾಗಿ ಕಾಣುವುದು’ ಎಂದರೇನೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವನ ಸಹಾಯಕ ಪಾಲ್ ಡಿಪೊಡೆಸ್ಟಾ ಅರ್ಥಶಾಸ್ತ್ರ ಓದಿದವನು. ಇಬ್ಬರೂ ಕೂಡಿ ಮಾರುಕಟ್ಟೆಯಲ್ಲಿ ಬೆಲೆ ಬಾಳದ ಆದರೆ ಔಟಾಗದ ಆಟಗಾರರನ್ನು ಆಯ್ದು ತಂದರು.

ಅವರಲ್ಲಿ ಸ್ಕಾಟ್ ಹ್ಯಾಟಿಬರ್ಗ್ ಎಂಬವನದು ಸ್ವಾರಸ್ಯದ ಕತೆ. ಅವನು ವಿಕೆಟ್ ಕೀಪರನಂತೆ ಹಿಂದೆ ಕೂತು ಚೆಂಡು ಹಿಡಿಯುವವನು. ಮೊಣಕೈಯ ನರ ಕೆಟ್ಟು ಚೆಂಡು ಎಸೆಯಲಾಗದೆ ಅವನ ವೃತ್ತಿ ಮುಗಿದಂತಾಗಿತ್ತು. ಓಕ್ಲೆಂಡಿನವರು ಅವನ ಕೈ ನೋಡಲಿಲ್ಲ, ತಾಳ್ಮೆ ನೋಡಿದರು. ದೂರದ ಎಸೆತದ ಅಗತ್ಯ ಕಡಿಮೆಯಿರುವ ಮೊದಲ ಬೇಸಿನಲ್ಲಿ ಅವನನ್ನು ನಿಲ್ಲಿಸಿ, ರಾನ್ ವಾಷಿಂಗ್ಟನ್ ಎಂಬ ತರಬೇತುದಾರನ ಕೈಗೆ ಕೊಟ್ಟು, ಹೊಸ ಜಾಗದ ಅಆಇಈ ಕಲಿಸಿದರು. 2002ರ ಸೆಪ್ಟೆಂಬರ್ 4ರಂದು ಕಾನ್ಸಾಸ್ ಸಿಟಿಯ ತಂಡದ ಎದುರು ಓಕ್ಲೆಂಡ್ 11-0 ಮುಂದಿತ್ತು. ನೋಡನೋಡುತ್ತ 11-11 ಆಯಿತು. ಕೊನೆಯ ಸರದಿಯಲ್ಲಿ ಹ್ಯಾಟಿಬರ್ಗ್ ಚೆಂಡನ್ನು ಬೇಲಿಯಾಚೆ ಹೊಡೆದ. ಅದು ತಂಡದ ಎಡೆಬಿಡದ 20ನೆಯ ಗೆಲುವು. ಆ ವರ್ಷ ಓಕ್ಲೆಂಡ್ ಗೆದ್ದ ಪಂದ್ಯಗಳು 103. ಮೂರು ಪಟ್ಟು ಹಣ ಸುರಿದ ಯಾಂಕೀಸ್ ಗೆದ್ದದ್ದೂ 103! ಮೈಕೆಲ್ ಲೂಯಿಸ್ ಇದನ್ನು 2003ರಲ್ಲಿ ‘ಮನಿಬಾಲ್’ ಎಂಬ ಪುಸ್ತಕವಾಗಿ ಬರೆದರು. 2011ರಲ್ಲಿ ಚಲನಚಿತ್ರವೂ ಆಯಿತು.

ಪುಸ್ತಕ ಓದಿ ಮೈಮರೆಯುವವರಿಗೆ ಒಂದು ಮಾತು ಹೇಳಬೇಕು. ಆ ತಂಡದಲ್ಲಿ ಹಡ್ಸನ್, ಮುಲ್ಡರ್, ಜೀಟೋ ಎಂಬ ಮೂವರು ಅತ್ಯುತ್ತಮ ಪಿಚರ್‌ಗಳಿದ್ದರು. ಲೀಗಿನ ಆ ವರ್ಷದ ಅತ್ಯಮೂಲ್ಯ ಆಟಗಾರನೆನಿಸಿದ ತೆಹಾಡ ಇದ್ದ. ಇವರನ್ನು ಬದಿಗಿಟ್ಟು ಹ್ಯಾಟಿಬರ್ಗನ ಕತೆಯನ್ನಷ್ಟೇ ಹೇಳಿದರೆ ಸಾರಿಗೆ ಹಾಕಿದ ಒಗ್ಗರಣೆಯನ್ನು ಹೊಗಳಿ ಬೇಳೆಯನ್ನು ಮರೆತಂತೆ. ಅಲ್ಲದೆ, ಅಷ್ಟು ಗೆದ್ದ ತಂಡ ಕೊನೆಯ ಘಟ್ಟದ ಮೊದಲ ಸುತ್ತಿನಲ್ಲಿಯೇ ಮಿನ್ನೆಸೋಟದವರಿಗೆ ಸೋತಿತು. 162 ಪಂದ್ಯಗಳಲ್ಲಿ ಸತ್ಯ ಹೇಳುವ ಲೆಕ್ಕ 5 ಪಂದ್ಯಗಳಲ್ಲಿ ಹೇಳಲೇಬೇಕೆಂದಿಲ್ಲ.

ನಮ್ಮವರದೇ ಉದಾಹರಣೆ

ದೂರದ ಬೆಟ್ಟದ ಮಾತು ಸಾಕು. ‘ಮನಿಬಾಲ್’ ಎಂಬ ಪದ ಹುಟ್ಟುವುದಕ್ಕೆ ಮೂವತ್ತು ವರ್ಷ ಮುಂಚೆ, ಶ್ರೀರಂಗಪಟ್ಟಣದಿಂದ ಕೂಗಳತೆಯ ಮೈಸೂರಿನಲ್ಲಿ ಹುಟ್ಟಿದ ಬಿ. ಎಸ್. ಚಂದ್ರಶೇಖರರನ್ನು ನೆನೆಯಿರಿ. ಎಳವೆಯಲ್ಲಿ ಪೋಲಿಯೊ ತಗುಲಿ ಬಲಗೈ ಸೊರಗಿತು. ಮೈಕಟ್ಟು ನೋಡಿ ಆರಿಸುವ ಆಯ್ಕೆಗಾರನ ಪಟ್ಟಿಯಲ್ಲಿ ಇಂಥ ಹುಡುಗನಿಗೆ ಜಾಗವೆಲ್ಲಿ? ಆದರೆ ಅದೇ ಸೊರಗಿದ ಕೈಯ ವಿಚಿತ್ರ ವೇಗದ ತಿರುವು 1971ರಲ್ಲಿ ಓವಲ್ ಮೈದಾನದಲ್ಲಿ 38 ಓಟಗಳಿಗೆ 6 ವಿಕೆಟ್ ಕಿತ್ತು, ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಸರಣಿ ಗೆಲ್ಲಿಸಿತು. ಅವರ ಟೆಸ್ಟ್ ವಿಕೆಟ್‌ಗಳು 242, ಬ್ಯಾಟಿನಿಂದ ಬಂದ ಓಟಗಳು 167. ವಿಕೆಟ್‌ಗಿಂತ ಓಟ ಕಡಿಮೆಯಾದರೂ ಅವರನ್ನು ಕೈಬಿಡುವ ಬುದ್ಧಿ ಯಾರಿಗೂ ಬರಲಿಲ್ಲ, ಪುಣ್ಯ.

ಅವರ ಜೊತೆಗಾರ ಈರಪಳ್ಳಿ ಪ್ರಸನ್ನ ಮೈಸೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಂಜಿನಿಯರಿಂಗ್‌ನಲ್ಲಿ ಓದಿದವರು. 1962ರಲ್ಲಿ ಟೆಸ್ಟ್ ಆಡಿ ಬಂದು, ಓದು ಮುಗಿಸಲೆಂದು 1967ರವರೆಗೆ ಆ ಅಂಗಳದಿಂದ ದೂರವಿದ್ದರು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತಷ್ಟೆ. ಆ ಹೆಸರಿನ ಮೊದಲ ರಣಜಿ ತಂಡಕ್ಕೆ ಪ್ರಸನ್ನರೇ ನಾಯಕರು. ಎದುರಿಗೆ ಸತತ 15 ವರ್ಷ ಗೆದ್ದ ಮುಂಬಯಿ. ಬೆಂಗಳೂರಿನ ಸೆಮಿಫೈನಲ್‌ನಲ್ಲಿ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106, ಕರ್ನಾಟಕ 385. ಪಂದ್ಯ ಪೂರ್ತಿ ಮುಗಿಯದಿದ್ದರೆ ಮೊದಲ ಸರದಿಯ ಮುನ್ನಡೆಯೇ ಗೆಲುವೆಂಬುದು ನಿಯಮ. ಎಂಜಿನಿಯರ್ ನಾಯಕ ಮುಂಬಯಿಯನ್ನು ಎರಡು ಸಲ ಔಟು ಮಾಡುವ ಗೊಡವೆಗೆ ಹೋಗಬೇಕಾಗಿರಲಿಲ್ಲ; ಒಂದು ಸಲ 385ರ ಒಳಗೆ ಕಟ್ಟಿಹಾಕಿದರೆ ಸಾಕಾಗಿತ್ತು. ಗಾವಸ್ಕರರನ್ನು ತಾವೇ ಬೌಲ್ಡ್ ಮಾಡಿದರು, ವಾಡೇಕರ್ ಓಟದ ನಡುವೆ ಜಾರಿ ರನ್ ಔಟಾದರು, ಮುಂಬಯಿ 307. ಜಯಪುರದಲ್ಲಿ ರಾಜಸ್ಥಾನವನ್ನೂ ಸೋಲಿಸಿ ಕಪ್ ಬೆಂಗಳೂರಿಗೆ ಬಂತು. ನಿಯಮ ಯಾವುದಕ್ಕೆ ಬೆಲೆ ಕೊಡುತ್ತದೆ ಎಂದು ತಿಳಿದು ಆಡುವುದೂ ಒಂದು ಲೆಕ್ಕಾಚಾರವೇ. ಜಾರಿದ ವಾಡೇಕರ್ ಮಾತ್ರ ಯಾವ ಲೆಕ್ಕದಲ್ಲಿಯೂ ಇರಲಿಲ್ಲ!

ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದಕ್ಕೂ ಬೆಂಗಳೂರೇ ಸಾಕ್ಷಿ. 2008ರಲ್ಲಿ ಐಪಿಎಲ್ ಆರಂಭವಾದಾಗ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡದಲ್ಲಿ ದ್ರಾವಿಡ್, ಕಾಲಿಸ್, ಕುಂಬ್ಳೆ, ಜಾಫರ್, ಚಂದ್ರಪಾಲ್ ಇದ್ದರು. ಐದು ದಿನದ ಆಟಕ್ಕೆ ಇದಕ್ಕಿಂತ ಗಟ್ಟಿ ತಂಡ ಸಿಗುವುದು ಕಷ್ಟ. ಆಟ ಮೂರು ಗಂಟೆಯದು. ಮೊದಲ ಪಂದ್ಯದಲ್ಲಿಯೇ 82ಕ್ಕೆ ಔಟಾಗಿ 140 ಓಟಗಳಿಂದ ಸೋತು, ಎಂಟರಲ್ಲಿ ಏಳನೆಯ ಸ್ಥಾನಕ್ಕಿಳಿಯಿತು. ಆ ವರ್ಷ ಗೆದ್ದದ್ದು ಹರಾಜಿನಲ್ಲಿ ಎಲ್ಲರಿಗಿಂತ ಕಡಿಮೆ ಖರ್ಚು ಮಾಡಿದ್ದ, ಶೇನ್ ವಾರ್ನ್ ನಾಯಕತ್ವದ ರಾಜಸ್ಥಾನ ತಂಡ. 2016ರಲ್ಲಿ ವಿರಾಟ್ ಕೊಹ್ಲಿ ಒಬ್ಬರೇ 973 ಓಟ ಹೊಡೆದರು. ಫೈನಲ್ಲಿನಲ್ಲಿ ಬೆಂಗಳೂರು ತನ್ನದೇ ಅಂಗಳದಲ್ಲಿ 8 ಓಟಗಳಿಂದ ಸೋತಿತು. ‘ಈ ಸಲ ಕಪ್ ನಮ್ದೇ’ ಎಂಬುದು ಮಂಡ್ಯದ ಮಕ್ಕಳ ಬಾಯಲ್ಲಿಯೂ ವಿನೋದವಾಗಿ ಹೋಯಿತು.

2024ರ ನವೆಂಬರಿನ ಹರಾಜಿನಲ್ಲಿ ತಂಡದವರು ಹೊಡೆತಗಾರರ ಹೆಸರಿನ ಹಿಂದೆ ಮಾತ್ರ ಓಡಲಿಲ್ಲ. ಹೇಜಲ್‌ವುಡ್‌ಗೆ 12.5 ಕೋಟಿ, ಭುವನೇಶ್ವರ್‌ಗೆ 10.75 ಕೋಟಿ, ಕೃಣಾಲ್ ಪಾಂಡ್ಯಗೆ 5.75 ಕೋಟಿ ರೂಪಾಯಿ ಕೊಟ್ಟು ಎಸೆತಗಾರರನ್ನು ತಂದರು. ಹಿಂದೆ ಅಂಕಿ-ಅಂಶದ ವಿಶ್ಲೇಷಕರು ಕುಳಿತಿದ್ದರು. ನಾಯಕನನ್ನಾಗಿ ಮಾಡಿದ್ದು ರಜತ್ ಪಾಟೀದಾರರನ್ನು. ಈ ಪಾಟೀದಾರ್ ಯಾರು? 2022ರ ಹರಾಜಿನಲ್ಲಿ ಯಾರೂ ಕೊಳ್ಳದೆ ಉಳಿದವರು! ಕರ್ನಾಟಕದ ಲವನೀತ್ ಸಿಸೋದಿಯ ಗಾಯಗೊಂಡಾಗ ಅವರ ಜಾಗಕ್ಕೆ ಕರೆ ಹೋಯಿತು; ಮನೆಯಲ್ಲಿ ಮದುವೆಯ ಸಿದ್ಧತೆ ನಡೆಯುತ್ತಿತ್ತಂತೆ. ಬಂದವರು ಲಖನೌ ಎದುರಿನ ನಾಕೌಟ್ ಪಂದ್ಯದಲ್ಲಿ ಔಟಾಗದೆ 112 ಹೊಡೆದರು. 2025ರಲ್ಲಿ ಅವರ ತಂಡ ಲೀಗಿನ ಹೊರ ಊರಿನ ಪಂದ್ಯಗಳನ್ನೆಲ್ಲ ಗೆದ್ದು, ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ಓಟಗಳಿಂದ ಸೋಲಿಸಿತು. ಫೈನಲ್ಲಿನಲ್ಲಿ ಪಂದ್ಯಪುರುಷ ಕೃಣಾಲ್: ನಾಲ್ಕು ಓವರು, 17 ಓಟ, 2 ವಿಕೆಟ್. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಬಿಟ್ಟರು. ಒಂದೊಂದು ಚೆಂಡನ್ನೂ ಲೆಕ್ಕವಿಟ್ಟ ಕಾಲದಲ್ಲಿ ಜನರ ಲೆಕ್ಕ ತಪ್ಪಿದ್ದನ್ನು ನೆನೆದರೆ ಎದೆ ಭಾರವಾಗುತ್ತದೆ.

ಹೊನಲು ಬೆಳಕಿನಲ್ಲಿ

ಇಷ್ಟು ದುಡ್ಡಿನ ಮಾತು ನಮ್ಮ ನಾಲ್ಕು ತಾಲ್ಲೂಕುಗಳಿಗೆ ಏತಕ್ಕೆ ಎನ್ನುವಿರಾ? ಸುಗ್ಗಿ ಮುಗಿದ ಮೇಲೆ ಕೃಷ್ಣರಾಜಪೇಟೆಯ ಕಡೆ, ನಾಗಮಂಗಲದ ಕಡೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳನ್ನು ನೋಡಿದವರಿಗೆ ಗೊತ್ತು: ಅಲ್ಲಿಯ ಜನರ ಉಸಿರು ಯಾವ ಐಪಿಎಲ್‌ಗೂ ಕಡಿಮೆಯಿಲ್ಲ. ಲೆಕ್ಕವನ್ನು ಅಲ್ಲಿಗೇ ತರೋಣ.

ಕಬಡ್ಡಿಯ ಅಂಕಣ ಗಂಡಸರಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ಕಡೆಗೆ ಏಳು ಮಂದಿ. ಇಬ್ಬರು ದಾಳಿಗಾರರಿದ್ದಾರೆಂದು ಇಟ್ಟುಕೊಳ್ಳಿ. ಮೊದಲನೆಯವನು 20 ದಾಳಿಗಳಲ್ಲಿ 8 ಅಂಕ ತಂದ, 7 ಸಲ ಸಿಕ್ಕಿಬಿದ್ದ, 5 ಸಲ ಬರಿಗೈಯಲ್ಲಿ ಬಂದ. ಎರಡನೆಯವನು 20ರಲ್ಲಿ 6 ಅಂಕ ತಂದ, 2 ಸಲ ಮಾತ್ರ ಸಿಕ್ಕಿಬಿದ್ದ, 12 ಸಲ ಬರಿಗೈ. ಜನ ಚಪ್ಪಾಳೆ ತಟ್ಟುವುದು ಮೊದಲನೆಯವನಿಗೆ. ಆದರೆ ಅವನು ಸಿಕ್ಕಿಬಿದ್ದಾಗಲೆಲ್ಲ ಎದುರಾಳಿಗೆ ಒಂದು ಅಂಕ. ಸಾಲದ್ದಕ್ಕೆ ಹೊರಗೆ ಕೂತಿದ್ದ ಅವರ ಒಬ್ಬ ಆಟಗಾರ ಒಳಗೆ ಬರುತ್ತಾನೆ. ನಮ್ಮವನು ಹೊರಗೆ ಹೋಗುತ್ತಾನೆ. ಒಳಹರಿವಿನಿಂದ ಹೊರಹರಿವನ್ನು ಕಳೆದರೆ ಮೊದಲನೆಯವನಿಂದ ತಂಡಕ್ಕೆ ಉಳಿದದ್ದು 1, ಎರಡನೆಯವನಿಂದ 4. ಓಕ್ಲೆಂಡಿನವರು ಕಂಡದ್ದೂ ಇದನ್ನೇ ಅಲ್ಲವೇ: ಔಟಾಗದಿರುವುದೂ ಒಂದು ಗಳಿಕೆ.

ಹಾಗೆಂದು ಬರಿಗೈಯಲ್ಲಿ ಬರುವವನನ್ನೇ ಹೊತ್ತು ಮೆರೆಸುವಂತೆಯೂ ಇಲ್ಲ. ಈಗಿನ ದೊಡ್ಡ ಪಂದ್ಯಗಳ ನಿಯಮದಂತೆ ಎರಡು ದಾಳಿ ಬರಿದಾದರೆ ಮೂರನೆಯದು ‘ಮಾಡು ಇಲ್ಲವೇ ಮಡಿ’. ಅಂಕ ತರದಿದ್ದರೆ ದಾಳಿಗಾರನೇ ಔಟು. ಎರಡನೆಯ ಹುಡುಗನ ಹನ್ನೆರಡು ಬರಿಗೈಗಳು ಯಾರ ತಲೆಯ ಮೇಲೆ ಬಿದ್ದವೆಂದು ನೋಡಬೇಕು. ಒಂದು ಅಂಕಿ ಇನ್ನೊಂದು ಅಂಕಿಯನ್ನು ಕೇಳುತ್ತದೆ.

ಹಿಡಿತದಲ್ಲಿ ಇನ್ನೂ ದೊಡ್ಡ ಅನ್ಯಾಯ. ಮೂಲೆಯ ಆಟಗಾರ ಕಾಲು ಹಿಡಿದ, ಅಂಕ ಬಂತು, ಅವನ ಹೆಸರು ಮೈಕಿನಲ್ಲಿ ಮೊಳಗಿತು. ದಾಳಿಗಾರ ಮಧ್ಯದ ಗೆರೆಗೆ ಹಿಂತಿರುಗುವ ದಾರಿಗೆ ಅಡ್ಡ ನಿಂತವನೊಬ್ಬನಿದ್ದನಲ್ಲ? ಅವನಿಲ್ಲದಿದ್ದರೆ ಕಾಲು ಹಿಡಿದವನನ್ನು ಎಳೆದುಕೊಂಡೇ ಆತ ಗೆರೆ ಮುಟ್ಟುತ್ತಿದ್ದ. ಖೊ-ಖೊ ಆಟದಲ್ಲಿಯೂ ಹೀಗೆಯೇ: ಮುಟ್ಟಿದವರಿಗೆ ಅಂಕ, ಸರಿಯಾದ ಗಳಿಗೆಯಲ್ಲಿ ‘ಖೊ’ ಕೊಟ್ಟು ಓಟಗಾರ್ತಿಯನ್ನು ಕಂಬದ ಮೂಲೆಗೆ ಅಟ್ಟಿದವಳಿಗೆ ಏನೂ ಇಲ್ಲ. ಅಂದ ಹಾಗೆ, 2025ರ ಜನವರಿ 19ರಂದು ದೆಹಲಿಯಲ್ಲಿ ಮೊದಲ ಖೊ-ಖೊ ವಿಶ್ವಕಪ್ಪಿನ ಫೈನಲ್ಲಿನಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿದ ಭಾರತದ ಮಹಿಳಾ ತಂಡದಲ್ಲಿ, ಪಂದ್ಯದ ಅತ್ಯುತ್ತಮ ಆಟಗಾರ್ತಿಯಾದವರು ನಮ್ಮ ಪಕ್ಕದ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ. ಕಾವೇರಿ ಶ್ರೀರಂಗಪಟ್ಟಣ ದಾಟಿ ಹರಿಯುವುದು ಆ ತಾಲ್ಲೂಕಿನ ಕಡೆಗೇ. ಹಳ್ಳಿಯ ಅಂಗಳದಲ್ಲಿ ಏನಿದೆ ಎನ್ನುವವರು ಗಮನಿಸಲಿ.

ಒಂದು ಬೆಳಗಿನ ತೀರ್ಪು

ನಮ್ಮಲ್ಲಿ ಆಯ್ಕೆಯೆಂದರೆ ಒಂದು ಬೆಳಗಿನ ಕೆಲಸ. ನಾಲ್ಕು ತಾಲ್ಲೂಕುಗಳ ಹುಡುಗರು ಬೆಳಗಿನ ಬಸ್ಸಿಗೆ ಮಂಡ್ಯಕ್ಕೆ ಬಂದು, ಬನ್ನು ತಿಂದು, ಅಂಗಳಕ್ಕಿಳಿದು, ಮೂರೋ ನಾಲ್ಕೋ ದಾಳಿ ಮಾಡಿ ತೋರಿಸಬೇಕು. ಅಷ್ಟರಲ್ಲಿ ಅವರ ಹಣೆಬರಹ ತೀರ್ಮಾನವಾಗಬೇಕು.

ಸಂಖ್ಯಾಶಾಸ್ತ್ರ ಇದಕ್ಕೆ ಏನು ಹೇಳುತ್ತದೆ? 1970ರ ಬೇಸ್‌ಬಾಲ್ ಋತುವಿನಲ್ಲಿ 18 ಹೊಡೆತಗಾರರ ಮೊದಲ 45 ಅವಕಾಶಗಳನ್ನು ಎಫ್ರಾನ್ ಮತ್ತು ಮಾರಿಸ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಪರೀಕ್ಷಿಸಿದರು. ಕ್ಲೆಮೆಂಟೆ ಎಂಬ ಮಹಾ ಆಟಗಾರ 45ರಲ್ಲಿ 18 ಹೊಡೆದಿದ್ದ. ಸಾವಿರಕ್ಕೆ 400ರ ಪ್ರಮಾಣ. ಉಳಿದ ಋತುವಿನಲ್ಲಿ ಅದು 346ಕ್ಕೆ ಇಳಿಯಿತು. ಮನ್ಸನ್ ಎಂಬ ಹೊಸ ಹುಡುಗ 45ರಲ್ಲಿ ಹೊಡೆದದ್ದು 8 ಮಾತ್ರ, ಸಾವಿರಕ್ಕೆ 178. ನಮ್ಮ ಆಯ್ಕೆಗಾರರಾಗಿದ್ದರೆ ಮಧ್ಯಾಹ್ನದ ಬಸ್ಸಿಗೇ ಅವನನ್ನು ಊರಿಗೆ ಕಳಿಸುತ್ತಿದ್ದರು. ಉಳಿದ ಋತುವಿನಲ್ಲಿ ಅವನದು 316. ಆ ವರ್ಷದ ಶ್ರೇಷ್ಠ ಹೊಸಬನೆಂಬ ಪ್ರಶಸ್ತಿ ಅವನದೇ. ಸ್ವಲ್ಪ ನೋಡಿ ತೀರ್ಪು ಕೊಡಬೇಕಾಗಿ ಬಂದಾಗ ಒಬ್ಬೊಬ್ಬನ ಅಂಕಿಯನ್ನೂ ಎಲ್ಲರ ಸರಾಸರಿಯ ಕಡೆಗೆ ಒಂದಿಷ್ಟು ಜಗ್ಗಿ ಅಂದಾಜು ಮಾಡಿದರೆ ಒಟ್ಟಿನಲ್ಲಿ ತಪ್ಪು ಕಡಿಮೆಯಾಗುತ್ತದೆ ಎಂದು 1956ರಲ್ಲಿ ಸ್ಟೈನ್ ಎಂಬಾತ ತೋರಿಸಿದ್ದ. ಕೇಳಿದವರು ನಂಬಲಿಲ್ಲ, ಗಣಿತ ನಂಬಿಸಿತು. ಇಂಥ ಅಂದಾಜಿನ ಶಾಸ್ತ್ರಕ್ಕೆ 1945ರಲ್ಲಿ ತಳಪಾಯ ಹಾಕಿದವರಲ್ಲಿ ಒಬ್ಬರು ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್. 2023ರಲ್ಲಿ, 102ನೆಯ ವಯಸ್ಸಿನಲ್ಲಿ ತೀರಿಕೊಂಡ ಅವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಇನ್ನಷ್ಟು ಕಾಣಿಸಬೇಕಾಗಿತ್ತು.

ಅರ್ಥ ಇಷ್ಟೇ: ಒಂದು ಬೆಳಗಿನ ನಾಲ್ಕು ದಾಳಿಗಳಲ್ಲಿ ಮಿಂಚಿದವನು ಅಷ್ಟು ದೊಡ್ಡವನಲ್ಲ, ಮಂಕಾದವನು ಅಷ್ಟು ಸಣ್ಣವನೂ ಅಲ್ಲ. ವರ್ಷವಿಡೀ ಊರಿನ ಪಂದ್ಯಗಳಲ್ಲಿ ಬರೆದಿಟ್ಟ ಒಂದು ನೋಟ್ ಪುಸ್ತಕ ಆಯ್ಕೆಗಾರರ ಮೇಜಿನ ಮೇಲಿದ್ದರೆ ಆ ಬೆಳಗಿನ ಭಾರ ಎಷ್ಟೋ ಹಗುರವಾದೀತು.

ಹಾಲಿನ ಹೊತ್ತು

ಈಗಿನ ಮ್ಯಾನೇಜ್‌ಮೆಂಟ್ ಪಂಡಿತರು ‘ಡಿಸೈನ್ ಥಿಂಕಿಂಗ್’ ಎಂಬ ಮಾತನ್ನು ಬಹಳ ಆಡುತ್ತಾರೆ. ವಿನ್ಯಾಸದ ವಿವೇಕ ಎನ್ನೋಣ. ಅದರ ತಿರುಳು ಸಾದಾ: ಉಪಾಯ ಹೂಡುವ ಮುಂಚೆ ಯಾರಿಗಾಗಿ ಹೂಡುತ್ತೇವೋ ಅವರನ್ನು ಹೋಗಿ ಕೇಳು, ಸಣ್ಣದಾಗಿ ಮಾಡಿ ನೋಡು, ಕೆಟ್ಟರೆ ತಿದ್ದು. ಒಳ್ಳೆಯ ಬಡಗಿ ಕುರ್ಚಿಗೆ ಅಳತೆ ತೆಗೆದುಕೊಳ್ಳುವುದು ಹೀಗೆಯೇ.

ನಾನು ಪಾಠ ಹೇಳುವ ಕಾಲೇಜಿನಲ್ಲಿ ಕಬಡ್ಡಿ ತಂಡದ ಅಭ್ಯಾಸ ಬೆಳಗ್ಗೆ ಆರಕ್ಕೆ. ಅರ್ಧ ಮಂದಿ ಬರುತ್ತಿರಲಿಲ್ಲ. ಶಿಸ್ತಿಲ್ಲ, ಸೋಮಾರಿಗಳು, ಇವರಿಂದ ಏನಾದೀತು ಎಂದು ಎಲ್ಲರೂ ಬೈಯುತ್ತಿದ್ದರು. ಒಂದು ದಿನ ಕೃಷ್ಣರಾಜಪೇಟೆ ಕಡೆಯ ಹುಡುಗನೊಬ್ಬನನ್ನು ಪಕ್ಕಕ್ಕೆ ಕರೆದು ಕೇಳಿದೆ. ಅವನು ತಲೆ ತಗ್ಗಿಸಿ, “ಡೈರಿಗೆ ಹಾಲ್ ಹಾಕ್ಬುಟ್ಟು ಬರೋವತ್ಗೆ ಏಳೂವರೆ ಆಯ್ತದೆ ಸಾ” ಎಂದ. ಎರಡು ಹಸುವಿನ ಹಾಲು ಕರೆದು, ಕ್ಯಾನು ಹಿಡಿದು ಸಂಘದ ಮುಂದೆ ಸಾಲು ನಿಂತು ಬರುವವನು ಆರಕ್ಕೆ ಬರುವುದು ಹೇಗೆ? ಸಂಜೆಗೆ ಬದಲಾಯಿಸೋಣವೆಂದರೆ ಸಂಜೆಯೂ ಹಾಲಿನ ಹೊತ್ತೇ. ಹುಡುಗಿಯರಿಗೆ ಊರಿನ ಕೊನೆಯ ಬಸ್ಸಿನ ಚಿಂತೆ ಬೇರೆ. ಕೊನೆಗೆ ವಾರದಲ್ಲಿ ಮೂರು ಮಧ್ಯಾಹ್ನ ಊಟದ ಬಿಡುವಿಗೆ ಸೇರಿಸಿ ಮುಕ್ಕಾಲು ಗಂಟೆ, ಭಾನುವಾರ ಹೆಚ್ಚು ಆಟಗಾರರಿರುವ ಹಳ್ಳಿಯಲ್ಲಿಯೇ ಎರಡು ಗಂಟೆ ಎಂದು ಗೊತ್ತುಮಾಡಿದೆವು. ಬಿಸಿಲಿಗೆ ಗೊಣಗಿದರು, ಆದರೆ ಬಂದರು. ಬೈದವರು ಹುಡುಗರನ್ನು ಅಳೆದಿದ್ದರು, ಅಳೆಯಬೇಕಾಗಿದ್ದುದು ಗಡಿಯಾರವನ್ನು.

ನಾಯಕತ್ವದ ಬಗ್ಗೆ ದೊಡ್ಡ ಗ್ರಂಥಗಳಿವೆ. ನನಗೆ ಕಂಡಮಟ್ಟಿಗೆ ಅದರ ಅತಿ ಕಷ್ಟದ ಭಾಗ ಒಬ್ಬನಿಗೆ ಮುಖ ಕೊಟ್ಟು ಸತ್ಯ ಹೇಳುವುದು. ಎರಡು ವರ್ಷ ಮೊದಲ ದಾಳಿಗಾರನಾಗಿದ್ದ, ಊರೆಲ್ಲ ಹೊಗಳುವ ಹುಡುಗನಿಗೆ, ‘ನೀನು ಈಗ ಹಿಂದೆ ಮೂಲೆಯಲ್ಲಿ ನಿಂತು ಹಿಡಿಯಬೇಕು, ನಿನ್ನ ದಾಳಿಯಿಂದ ನಮಗೆ ನಷ್ಟವಾಗುತ್ತಿದೆ’ ಎನ್ನುವುದು ಪುಸ್ತಕದಿಂದ ಬರುವ ಧೈರ್ಯವಲ್ಲ. ಪುಸ್ತಕದ ಪುಟವನ್ನು ಮುಖಕ್ಕೆ ಹಿಡಿದರೆ ಅವನು ಮರುದಿನದಿಂದ ಬರುವುದಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಅವನಿಂದಲೇ ಎಣಿಸಿದರೆ ಬರಬಹುದು. ಹ್ಯಾಟಿಬರ್ಗನಿಗೆ ಒಬ್ಬ ವಾಷಿಂಗ್ಟನ್ ಸಿಕ್ಕದೆ ಇದ್ದಿದ್ದರೆ ಡಿಪೊಡೆಸ್ಟಾನ ಲೆಕ್ಕ ಕಾಗದದಲ್ಲಿಯೇ ಉಳಿಯುತ್ತಿತ್ತು.

ಕನ್ನಡ ಮೇಷ್ಟರಿಗೆ ಈ ಅಂಕಿಯ ಹುಚ್ಚು ಏಕೆಂದು ಸ್ಟಾಫ್ ರೂಮಿನಲ್ಲಿ ನಗುವವರಿದ್ದಾರೆ. ಷಟ್ಪದಿಗೆ ಪ್ರಸ್ತಾರ ಹಾಕಿ ಲಘು ಗುರು ಎಣಿಸಿದವರಿಗೆ ಈ ಸಂಶಯ ಬರಬಾರದು. ಮಾತ್ರೆ ಎಣಿಸಿದ್ದರಿಂದ ಕುಮಾರವ್ಯಾಸನ ಭೀಮ ಬಡವಾಗಲಿಲ್ಲ.

ನಮ್ಮ ನೋಟ್ ಪುಸ್ತಕವನ್ನು ಬರೆಯುವವಳು ನಾಗಮಂಗಲ ತಾಲ್ಲೂಕಿನ ಒಬ್ಬ ಬಿ.ಕಾಂ. ವಿದ್ಯಾರ್ಥಿನಿ. ಕಬಡ್ಡಿ ಆಡಿದವಳಲ್ಲ. ಹೆಸರು, ದಾಳಿ, ಅಂಕ, ಸಿಕ್ಕಿಬಿದ್ದದ್ದು, ಬರಿಗೈ ಎಂದು ನಾನು ಐದು ಕಲಮು ಹಾಕಿಕೊಟ್ಟಿದ್ದೆ. ಎರಡನೆಯ ವಾರ ಅವಳೇ ಇನ್ನೊಂದು ಗೆರೆ ಎಳೆದು ‘ಅಡ್ಡ ನಿಂತವನು’ ಎಂದು ಆರನೆಯ ಕಲಮು ಸೇರಿಸಿದಳು. ತಿಂಗಳು ಕಳೆಯುವಷ್ಟರಲ್ಲಿ ಆ ಕಲಮಿನಲ್ಲಿ ಎಲ್ಲರಿಗಿಂತ ಹೆಚ್ಚು ಗೀಟು ಬಿದ್ದಿದ್ದುದು ಹಾಲು ಹಾಕಿ ಬರುತ್ತಿದ್ದ ಆ ಹುಡುಗನ ಹೆಸರಿನ ಮುಂದೆ.

ಈಚೆಗೆ ಪಾಂಡವಪುರದ ಬಳಿಯ ಒಂದು ಹಳ್ಳಿಯಲ್ಲಿ ರಾತ್ರಿಯ ಪಂದ್ಯ. ಕೊನೆಯ ಎರಡು ನಿಮಿಷ, ಎರಡು ದಾಳಿ ಬರಿದಾಗಿವೆ, ಮೂರನೆಯದಕ್ಕೆ ಯಾರು? ಜನ ಒಂದು ಹೆಸರು ಕೂಗುತ್ತಿದ್ದರು. ನಮ್ಮ ನಾಯಕ ಜನರ ಕಡೆಗೂ ನೋಡಲಿಲ್ಲ, ನನ್ನ ಕಡೆಗೂ ನೋಡಲಿಲ್ಲ. ಹಲಗೆಯ ಮೇಲೆ ಪುಸ್ತಕ ಹಿಡಿದು ಕೂತಿದ್ದವಳ ಕಡೆಗೆ ನೋಡಿದ. ಅವಳು ಪುಟ ತಿರುವಿ, ಯಾರೂ ಕೂಗದ ಒಬ್ಬನ ಹೆಸರು ಹೇಳಿದಳು. ಅವನು ಹೋಗಿ ಬೋನಸ್ ಗೆರೆ ಮುಟ್ಟಿ ಒಂದು ಅಂಕ ತಂದ. ಪಂದ್ಯವನ್ನು ನಾವು ಮೂರು ಅಂಕಗಳಿಂದ ಸೋತೆವು. ಹಿಂತಿರುಗುವಾಗ ಟೆಂಪೋದ ಮಂದ ದೀಪದಲ್ಲಿ ಹುಡುಗರು ಅವಳ ಸುತ್ತ ಕೂತು, ಎಲ್ಲಿ ಆ ಮೂರು ಹೋದವೆಂದು ಗೀಟುಗಳನ್ನು ಎಣಿಸುತ್ತಿದ್ದರು.